ಅತ್ತೆಯವರ ಬಿಲ್ಲೆ, ನನ್ನ ಫಾಗ್ ಲೈಟು

ಐವತ್ತು ದಾಟಿದ ಗಂಡಸು ಹೊಸದಾಗಿ ಏನಾದರೂ ಶುರು ಮಾಡಿಕೊಂಡರೆ ಮನೆಯವರು ಮೊದಲು ಅವನ ಬಿಪಿ ನೋಡಿಸುತ್ತಾರೆ. ನನ್ನ ಜೊತೆಯವರಲ್ಲಿ ಒಬ್ಬರು ತಾರಸಿಯ ಮೇಲೆ ಟೊಮೇಟೊ ಬೆಳೆದರು, ಇನ್ನೊಬ್ಬರು ಕೊಳಲು ಕಲಿಯಲು ಹೋಗಿ ಪಕ್ಕದ ಮನೆಯವರ ಸ್ನೇಹ ಕಳೆದುಕೊಂಡರು. ನಾನು ಮಾಡಿದ್ದು ಇವೆರಡಕ್ಕಿಂತಲೂ ಕೆಟ್ಟದ್ದು. ಎರಡೇ ಬಾಗಿಲಿನ, ಎರಡೇ ಸೀಟಿನ, ಕುಂಕುಮದ ಬಣ್ಣದ ಒಂದು ಹಳೆಯ ಸ್ಪೋರ್ಟ್ಸ್ ಕಾರು ತಂದು ಹೊಸ ತಿಪ್ಪಸಂದ್ರದ ನಮ್ಮ ಮನೆಯ ಪೋರ್ಟಿಕೋದಲ್ಲಿ ನಿಲ್ಲಿಸಿದೆ. ಅದರ ಕೆಳಗೆ ಒಂದು ಬೆಕ್ಕು ಮಲಗಬಹುದು, ಎದ್ದು ನಿಲ್ಲಲಾಗದು. ಒಳಗೆ ಕೂರಬೇಕಾದರೆ ಮೊದಲು ಸೊಂಟ, ಆಮೇಲೆ ತಲೆ, ಕೊನೆಗೆ ಒಂದೊಂದೇ ಕಾಲು ಎಂಬ ಕ್ರಮವಿದೆ. ಇಳಿಯುವುದಕ್ಕೆ ಯಾವ ಕ್ರಮವೂ ಇಲ್ಲ, ಯಾರಾದರೂ ಕೈ ಹಿಡಿದು ಎಳೆಯಬೇಕು. ಸ್ಪೋರ್ಟ್ಸ್ ಕಾರಿನಲ್ಲಿ ಸ್ಪೋರ್ಟ್ಸ್ ಅನ್ನುವುದು ಇದೇ ಇರಬೇಕು ಅಂತ ನನ್ನ ಹೆಂಡತಿ ಲತಾ ಮೊದಲ ದಿನವೇ ಹೇಳಿದಳು.

ತಪ್ಪು ನನ್ನದಲ್ಲ, ರಕ್ತದ್ದು. ನಮ್ಮದು ಕೆ.ಆರ್. ಪುರದ ಆಚೆಯ ಊರು. ಈಗ ಅಲ್ಲಿ ನಮ್ಮ ರಾಗಿ ಹೊಲದ ಮೇಲೆ ಕಟ್ಟಡಗಳೆದ್ದು ಕಂಪ್ಯೂಟರಿನವರು ಬಾಡಿಗೆಗಿದ್ದಾರೆ. ನಮ್ಮ ತಾತ ಅದೇ ಹೊಲದ ಸೊಪ್ಪು, ಬದನೆಕಾಯಿ ಹೇರಿಕೊಂಡು ಎತ್ತಿನ ಗಾಡಿಯಲ್ಲಿ ಶಿವಾಜಿನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದವರು. ದಾರಿಯಲ್ಲಿ ಅವರ ಗಾಡಿಯನ್ನು ಬೇರೆ ಗಾಡಿ ಹಿಂದೆ ಹಾಕಿದ್ದೇ ಇಲ್ಲವಂತೆ. ಇದನ್ನು ಹೇಳಿದವರೂ ತಾತನೇ, ಬೇರೆ ಸಾಕ್ಷಿಯಿಲ್ಲ. ಗಾಡಿಯ ಅಚ್ಚಿನ ಕೆಳಗೆ ಅವರು ಒಂದು ಲಾಟೀನು ನೇತುಹಾಕುತ್ತಿದ್ದರು. "ಮೇಲೆ ಕಟ್ಟಿದ್ರೆ ಮಂಜು ಕಾಣ್ಸುತ್ತೆ, ಕೆಳಗೆ ಕಟ್ಟಿದ್ರೆ ದಾರಿ ಕಾಣ್ಸುತ್ತೆ" ಎನ್ನುತ್ತಿದ್ದರು. ನಾನು ಇಂದಿರಾನಗರದ ಒಂದು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುವವನು. ಮಂಜು ಹೇಗೆ ಉಂಟಾಗುತ್ತದೆ ಅನ್ನುವುದನ್ನು ಬೋರ್ಡಿನ ಮೇಲೆ ಚಿತ್ರ ಬರೆದು ಇಪ್ಪತ್ತೈದು ವರ್ಷದಿಂದ ವಿವರಿಸುತ್ತಿದ್ದೇನೆ. ಅದರೊಳಗೆ ಗಾಡಿ ಓಡಿಸುವುದು ಹೇಗೆ ಅನ್ನುವುದು ಮಾತ್ರ ಸಿಲಬಸ್ಸಿನಲ್ಲಿ ಇರಲಿಲ್ಲ.

ಅದು ಗೊತ್ತಾಗಿದ್ದು ಕಳೆದ ಡಿಸೆಂಬರಿನ ಒಂದು ಭಾನುವಾರ. ಹೊಸಕೋಟೆಯಲ್ಲಿ ಬೆಳಗಿನ ಜಾವಕ್ಕೇ ಬಿರಿಯಾನಿ ಹಂಡೆ ಇಳಿಸುತ್ತಾರೆಂಬುದು ಬೆಂಗಳೂರಿನ ಈ ದಿಕ್ಕಿನವರಿಗೆಲ್ಲ ಗೊತ್ತಿರುವ ವಿಷಯ. ಬೇರೆ ದಿನ ಎಂಟು ಗಂಟೆಗೂ ಏಳದವರು ಆವತ್ತು ನಾಲ್ಕಕ್ಕೇ ಎದ್ದು ಸ್ವೆಟರ್ ಹಾಕಿಕೊಂಡು ಅಲ್ಲಿ ಕ್ಯೂ ನಿಲ್ಲುತ್ತಾರೆ. ಹೊಸ ಕಾರಿನ ಮೊದಲ ಸವಾರಿಗೆ ಲತಾ ಕೇಳಿದ್ದು ಅದೊಂದೇ. ಟಿನ್ ಫ್ಯಾಕ್ಟರಿ ದಾಟುವವರೆಗೆ ನಾನು ತಾತನ ಮೊಮ್ಮಗನಾಗಿಯೇ ಇದ್ದೆ. ಕೆ.ಆರ್. ಪುರ ಬಿಟ್ಟು ಸ್ವಲ್ಪ ದೂರ ಹೋಗುತ್ತಲೇ ಕೆರೆಯ ಕಡೆಯಿಂದ ಮಂಜು ಬಂದು ಬಾನೆಟ್ಟಿನ ಮೇಲೆ ಕೂತಿತು. ಹೆಡ್‌ಲೈಟ್ ಹಾಕಿದರೆ ಎದುರಿಗೆ ಬಿಳಿ ಗೋಡೆ, ಆರಿಸಿದರೆ ಕರಿ ಗೋಡೆ. ಕೊನೆಗೆ ಒಂದು ಹಾಲಿನ ಟೆಂಪೋದ ಹಿಂದಿನ ಕೆಂಪು ದೀಪವನ್ನೇ ನಂಬಿಕೊಂಡು ನಡಿಗೆಯ ವೇಗದಲ್ಲಿ ಹೊರಟೆ. ಟೆಂಪೋ ಒಂದು ಡೇರಿಯೊಳಗೆ ಹೋಯಿತು. ನಾವೂ ಹೋದೆವು. ಅಲ್ಲಿಂದ ಹೊರಗೆ ಬಂದು ಹೊಸಕೋಟೆ ಮುಟ್ಟುವ ಹೊತ್ತಿಗೆ ಹಂಡೆ ತೊಳೆಯುತ್ತಿದ್ದರು.

ಖಾಲಿ ಹೊಟ್ಟೆಯಲ್ಲೇ ವಾಪಸ್ಸು ಬಂದೆವು. ಮನೆಯ ಗೇಟಿನ ಮುಂದೆ ನಾನು ಕೈ ಹಿಡಿದು ಎಳೆದು ಇಳಿಸಿದ ಮೇಲೆ, ಲತಾ ಸೆರಗು ಸರಿಮಾಡಿಕೊಂಡು ಹೇಳಿದಳು: "ನೋಡ್ರೀ, ಬರೋ ಭಾನುವಾರ ನಂಗೆ ಬಿಸಿ ಬಿರಿಯಾನಿ ಸಿಗ್ಬೇಕು. ಸಿಗ್ಲಿಲ್ಲ ಅಂದ್ರೆ ಸೋಮವಾರ ಈ ಗಾಡಿ ಮಾರ್ಬಿಡಿ." ಇವಳು ದಿನಾ ಮಾರತ್ತಹಳ್ಳಿಯ ಆಫೀಸಿಗೆ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲಿ ತಾನೇ ಕಾರು ಓಡಿಸಿಕೊಂಡು ಹೋಗಿಬರುವವಳು. ಅಂಥವರು ಸುಮ್ಮನೆ ಹೆದರಿಸುವುದಿಲ್ಲ.

ಮರುದಿನವೇ ಶಿವಾಜಿನಗರದ ಸ್ಪೇರ್ ಪಾರ್ಟ್ಸ್ ಗಲ್ಲಿಗೆ ಹೋದೆ. ಅಂಗಡಿಯ ಭಾಯ್ ನನ್ನ ನರೆತ ತಲೆಯನ್ನೂ ಫೋನಿನಲ್ಲಿದ್ದ ಕಾರಿನ ಫೋಟೋವನ್ನೂ ಎರಡೆರಡು ಸಲ ನೋಡಿದ. "ಯಾರ್ದು ಸಾರ್ ಗಾಡಿ? ಮಗಂದಾ?" ಅಂದ. ನನ್ನದೇ ಅಂದೆ. ಅವನಿಗೆ ನನ್ನ ಮೇಲೆ ಗೌರವ ಬಂತೋ ಕನಿಕರ ಬಂತೋ, ಸ್ಟೂಲು ಎಳೆದು ಕೂರಿಸಿ ಟೀ ತರಿಸಿದ. ಬಿಳಿ ದೀಪ ತೋರಿಸಿ ಅಂದರೆ ತೋರಿಸಲಿಲ್ಲ. "ವೈಟು ಶೋಕಿಗೆ ಸಾರ್, ಯಲ್ಲೋ ಕೆಲ್ಸಕ್ಕೆ. ನಿಮ್ದು ಶೋಕಿ ಗಾಡಿನಲ್ಲೇ ಆಗೋಯ್ತಲ್ಲ, ಲೈಟಾದ್ರೂ ಕೆಲ್ಸದ್ದು ತಗೊಳ್ಳಿ." ಎರಡು ಹಳದಿ ಫಾಗ್ ಲೈಟು, ಒಂದು ಸ್ವಿಚ್ಚು, ಒಂದಷ್ಟು ವೈರು ಕಟ್ಟಿಕೊಟ್ಟ. ಹಲಸೂರಿನ ಮೆಕ್ಯಾನಿಕ್ಕಿಗೆ ಫೋನ್ ಮಾಡಿದರೆ ಹತ್ತು ದಿನ ಬಿಟ್ಟು ಬನ್ನಿ ಅಂದ. ಆಗ ನಾನು ಊಟದ ಹೊತ್ತಿನಲ್ಲಿ, ಎಲ್ಲರಿಗೂ ಕೇಳುವಂತೆ, ಫಾಗ್ ಲೈಟನ್ನು ಶನಿವಾರ ನಾನೇ ಮನೆಯಲ್ಲಿ ಹಾಕುತ್ತೇನೆ ಎಂದು ಘೋಷಿಸಿದೆ. ಲತಾ ಸಾರು ಬಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅತ್ತೆಯವರು ಮಾತ್ರ ತಲೆಯೆತ್ತದೆ ಮುದ್ದೆ ಮುರಿಯುತ್ತಿದ್ದರು.

ಈ ಅತ್ತೆಯವರ ಬಗ್ಗೆ ಇಲ್ಲೇ ಹೇಳಿಬಿಡಬೇಕು. ಸರೋಜಮ್ಮ, ಎಪ್ಪತ್ತೊಂದು ವರ್ಷ, ಲತಾಳ ತಾಯಿ, ನಮ್ಮ ಜೊತೆಯಲ್ಲೇ ಇದ್ದಾರೆ. ವಿಮಾನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ವಿಮಾನದ ವೈರುಗಳನ್ನು ಜೋಡಿಸಿ ಕಟ್ಟುವ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕೆಲಸದಲ್ಲಿದ್ದಾಗಲೇ ಕಾರ್ಖಾನೆಯನ್ನು ಮನೆಗೂ ತಂದಿದ್ದರು, ಕೆಲಸ ಬಿಟ್ಟರೂ ಅದನ್ನು ಬಿಡಲಿಲ್ಲ. ಅಲ್ಲಿ ಸ್ಟೋರಿನಿಂದ ಉಪಕರಣ ತೆಗೆದುಕೊಳ್ಳುವವರು ತಮ್ಮ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಆ ಉಪಕರಣವಿದ್ದ ಮೊಳೆಗೇ ನೇತುಹಾಕಬೇಕಿತ್ತಂತೆ. ಉಪಕರಣ ವಾಪಸ್ಸು ಇಟ್ಟ ಮೇಲೆ ಬಿಲ್ಲೆ ವಾಪಸ್ಸು. ಏನು ಎಲ್ಲಿದೆ, ಯಾರ ಹತ್ತಿರ ಇದೆ ಅನ್ನುವುದು ಗೋಡೆ ನೋಡಿದರೆ ಗೊತ್ತಾಗಬೇಕು. ನಮ್ಮ ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ಅಂಥದ್ದೇ ಒಂದು ಹಲಗೆಯಿದೆ. ಕತ್ತರಿ, ಟಾರ್ಚು, ಸ್ಕ್ರೂಡ್ರೈವರ್, ಸ್ಪ್ಯಾನರ್, ನೇಲ್ ಕಟರ್, ಗಾಡಿಗಳ ಬೀಗದ ಕೈ ಎಲ್ಲಕ್ಕೂ ಒಂದೊಂದು ಮೊಳೆ. ಅತ್ತೆಯವರದು ನಿಜವಾದ ಬಿಲ್ಲೆ, ೭೧೪. ನಿವೃತ್ತಿಯ ದಿನ ನೆನಪಿಗೆ ಕೊಟ್ಟದ್ದು. ಲತಾಳದು, ನನ್ನದು ಸೋಡಾ ಬಾಟಲಿಯ ಮುಚ್ಚಳ ತಟ್ಟಿ ಮಾಡಿದ್ದು. ಮದುವೆಯಾದ ಹೊಸದರಲ್ಲಿ ಇವರ ಮನೆಗೆ ಹೋದಾಗ ಒಂದು ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಪಂಚೆಯ ಜೊತೆಗೆ ನಾಲ್ಕನೇ ನಂಬರಿನ ಮುಚ್ಚಳವನ್ನೂ ಇಟ್ಟು ಕೊಟ್ಟಿದ್ದರು. ಅಳಿಯನಿಗೂ ಬಿಲ್ಲೆಯೇ ಅಂತ ನನಗೆ ಬೇಸರವಾಗಿ, ಅವತ್ತಿನಿಂದ ಅದನ್ನು ಒಂದು ಸಲವೂ ಬಳಸಿರಲಿಲ್ಲ. ಮೊಳೆಯಲ್ಲಿ ಕತ್ತರಿಯೂ ಇಲ್ಲ, ಬಿಲ್ಲೆಯೂ ಇಲ್ಲ ಅಂದರೆ ಕತ್ತರಿ ನನ್ನ ಹತ್ತಿರ ಇದೆಯೆಂದು ಅರ್ಥ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಮೂರು ವಿಡಿಯೋ ನೋಡಿದ ಧೈರ್ಯದಲ್ಲಿ, ಕಾರಿನ ಮುಂದೆ ಚಾಪೆ ಹಾಕಿಕೊಂಡು ಮಲಗಿದೆ. ವಿಡಿಯೋದಲ್ಲಿ ಕೆಲಸ ಮಾಡುವವನಿಗೆ ಹೊಟ್ಟೆಯಿರಲಿಲ್ಲ, ಅದನ್ನು ನಾನು ಗಮನಿಸಿರಲಿಲ್ಲ. ಹೇಗೋ ಒಂದು ದೀಪ ಕೂಡಿಸಿ, ಸಿಕ್ಕಿದ ವೈರಿಗೆ ವೈರು ಸುತ್ತಿ, ಒಳಗೆ ಕೂತು ಸ್ವಿಚ್ಚು ಒತ್ತಿದೆ. ದೀಪ ಹತ್ತಲಿಲ್ಲ, ಹಾರನ್ ಹೊಡೆದುಕೊಂಡಿತು. ಸ್ವಿಚ್ಚು ಆರಿಸಿದರೂ ನಿಲ್ಲಲಿಲ್ಲ. ನಾನು ಇಳಿಯಲು ಹೊರಟು ಒಂದು ಕಾಲು ಹೊರಗೆ, ಮಿಕ್ಕಿದ್ದೆಲ್ಲ ಒಳಗೆ ಎಂಬ ಸ್ಥಿತಿಯಲ್ಲಿ ಸಿಕ್ಕಿಕೊಂಡೆ. ಎದುರು ಮನೆಯ ಬಾಲ್ಕನಿಯಲ್ಲಿ ಜನ ಸೇರಿದರು. ಅತ್ತೆಯವರು ಮೆಟ್ಟಿಲ ಮೇಲೆ ದಂಟಿನ ಸೊಪ್ಪು ಬಿಡಿಸುತ್ತಿದ್ದವರು ನಿಧಾನವಾಗಿ ಎದ್ದು ಬಂದು, ಬಾನೆಟ್ಟಿನೊಳಗೆ ಕೈ ಹಾಕಿ ಒಂದು ಫ್ಯೂಸು ಕಿತ್ತರು. ಬೀದಿ ತಣ್ಣಗಾಯಿತು.

"ಬ್ಯಾಟರಿ ಬಿಚ್ಚದೆ ವೈರು ಮುಟ್ಟೋದುಂಟಾ ಅಳಿಯಂದ್ರೇ?" ಎಂದಷ್ಟೇ ಕೇಳಿದರು. ಒಳಗೆ ಹೋಗಿ ತಮ್ಮ ತಗಡಿನ ಪೆಟ್ಟಿಗೆಯನ್ನೂ ಹಲಗೆಯ ಮೇಲಿದ್ದ ಸ್ಪ್ಯಾನರು, ಸ್ಕ್ರೂಡ್ರೈವರುಗಳನ್ನೂ ತಂದರು. ಪೋರ್ಟಿಕೋದ ನೆಲದ ಮೇಲೆ ಹಳೆಯ ದುಪ್ಪಟಿ ಹಾಸಿ, ಉಪಕರಣಗಳನ್ನು ಒಂದರ ಪಕ್ಕ ಒಂದು ಇಟ್ಟು ನನ್ನ ಕೈಲಿ ಎಣಿಸಿದರು. ಹನ್ನೊಂದು. "ಜೋರಾಗಿ ಹೇಳಿ." ಹನ್ನೊಂದು ಅಂದೆ. "ಈ ದುಪ್ಪಟಿಯಿಂದ ಆಚೆ ಏನು ತಗೊಂಡು ಹೋದ್ರೂ ಆ ಜಾಗದಲ್ಲಿ ನಿಮ್ಮ ಬಿಲ್ಲೆ ಇಡಿ" ಅಂದರು. ಹತ್ತರ ಅಳತೆಯ ಸ್ಪ್ಯಾನರಿನಿಂದ ಬ್ಯಾಟರಿಯ ನಟ್ಟು ಸಡಿಲಿಸಿ ತೆಗೆದರು. ನಾನು ಸುತ್ತಿದ್ದ ವೈರನ್ನೆಲ್ಲ ಬಿಚ್ಚಿ ಪಕ್ಕಕ್ಕಿಟ್ಟರು, ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಮುಂದೆ ಎರಡು ಗಂಟೆ ನಾನು ನೋಡಿದ್ದನ್ನು ಹೇಗೆ ಹೇಳಲಿ. ಇವರು ಆ ಕಾರ್ಖಾನೆಗೆ ಮೂವತ್ತೊಂದು ವರ್ಷ ಹೋಗಿಬಂದದ್ದು ನನಗೆ ಗೊತ್ತಿತ್ತು, ಅಲ್ಲಿ ಏನು ಮಾಡುತ್ತಿದ್ದರು ಅಂತ ಒಂದು ದಿನವೂ ಕೇಳಿರಲಿಲ್ಲ. ಪುಟ್ಟ ಸ್ಟೂಲಿನ ಮೇಲೆ ಕೂತು, ಕುಂಕುಮದ ಡಬ್ಬಿಯ ಕನ್ನಡಿಯನ್ನು ಬಂಪರಿನ ಕೆಳಗೆ ಹಿಡಿದು, ಕಣ್ಣಿಗೆ ಕಾಣದ ಜಾಗಕ್ಕೆ ಬೆರಳು ಕಳಿಸುತ್ತಿದ್ದರು. ಅವರು ಹೇಳಿದ ತಿರುಪುಗಳನ್ನು ನಾನು ತೆಗೆದೆ, ಬಂಪರನ್ನು ಇಬ್ಬರೂ ಸೇರಿ ಇಳಿಸಿದೆವು. ವೈರುಗಳನ್ನು ಒಟ್ಟಿಗೆ ಹಿಡಿದು, ಮೇಣ ಸವರಿದ ದಾರದಿಂದ ಗೇಣಿಗೆ ಮೂರರಂತೆ ಗಂಟು ಹಾಕುತ್ತಾ ಹೋದರು. ಮೊಳದುದ್ದ ಮಲ್ಲಿಗೆ ಕಟ್ಟುವ ಅದೇ ಕೈ, ಅದೇ ವೇಗ. ಒಂದು ಗಂಟಿಗೂ ಇನ್ನೊಂದಕ್ಕೂ ಎಳ್ಳಷ್ಟು ವ್ಯತ್ಯಾಸವಿಲ್ಲ. "ಪ್ಲಾಸ್ಟಿಕ್ ಪಟ್ಟಿ ಹಾಕ್ಬಹುದಲ್ಲ ಅತ್ತೆ" ಅಂದೆ. "ಅದು ಅಂಚಲ್ಲಿ ವೈರನ್ನ ಕೊಯ್ಯುತ್ತೆ. ಆರು ತಿಂಗ್ಳು ಆದ್ಮೇಲೆ ಒಂದು ದಿನ ಮಂಜಲ್ಲಿ ಲೈಟು ಹೋಗುತ್ತೆ. ಆವಾಗ ಗಾಡೀಲಿ ನನ್ನ ಮಗಳೂ ಕೂತಿರ್ತಾಳೆ" ಅಂದರು. ನನ್ನ ಹೆಸರು ಬರಲಿಲ್ಲ, ಆದರೂ ನನಗೆ ಕಣ್ಣು ತುಂಬಿ ಬಂತು. ಇಂಥ ಕೈಯ ಬಗ್ಗೆ ಇಷ್ಟು ವರ್ಷ ನನಗೆ ಗೊತ್ತಿದ್ದದ್ದು ಅದು ಚೆನ್ನಾಗಿ ಮುದ್ದೆ ತಿರುವುತ್ತದೆ ಎಂಬುದಷ್ಟೇ. ನಾಚಿಕೆಯಾಯಿತು.

ಮಧ್ಯಾಹ್ನಕ್ಕೆ ದೀಪಗಳು ಕೂತವು, ಬಂಪರು ಮೇಲೆ ಹೋಯಿತು. ಇನ್ನು ಬ್ಯಾಟರಿ ಕೂಡಿಸಿದರೆ ಮುಗಿಯಿತು ಅಂತ ಅತ್ತೆಯವರು ದುಪ್ಪಟಿಯ ಕಡೆ ಕೈ ಚಾಚಿದರು. ಹತ್ತರ ಸ್ಪ್ಯಾನರ್ ಇರಲಿಲ್ಲ. ಆ ಜಾಗದಲ್ಲಿ ಬಿಲ್ಲೆಯೂ ಇರಲಿಲ್ಲ. ಮತ್ತೆ ಎಣಿಸಿದರು, ಹತ್ತು. ನನ್ನ ಕೈಲಿ ಎಣಿಸಿದರು, ಹತ್ತು. "ಇಕ್ಕಳದಲ್ಲೇ ನಟ್ಟು ತಿರುಗ್ಸಿಬಿಡೋಣ ಅತ್ತೆ, ಸ್ಪ್ಯಾನರ್ ಎಲ್ಲೋಗುತ್ತೆ, ನಾಳೆ ಸಿಗುತ್ತೆ" ಅಂದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತರು.

"ಒಂದ್ಸಲ ಒಂದು ಚಿಕ್ಕ ಕಟಿಂಗ್ ಪ್ಲೇಯರ್ ಲೆಕ್ಕಕ್ಕೆ ಸಿಗ್ಲಿಲ್ಲ. ಎರಡು ದಿನ ವಿಮಾನ ನಿಲ್ಸಿದ್ರು. ನಾವೆಲ್ಲ ಕಟ್ಟಿದ್ದನ್ನೆಲ್ಲ ಬಿಚ್ಚಿ ಹುಡುಕಿದ್ವಿ. ಕೊನೆಗೆ ಒಬ್ಬಳು ಊಟದ ಡಬ್ಬಿ ಜೊತೆ ಮರೆತು ಮನೆಗೆ ತಗೊಂಡೋಗಿದ್ಳು. ತಂದುಕೊಟ್ಳು. ಯಾರೂ ಒಂದು ಮಾತು ಅನ್ಲಿಲ್ಲ. ಮರೆತೋರಿಗೆ ಅಲ್ಲಿ ಶಿಕ್ಷೆ ಇರ್ಲಿಲ್ಲ ಅಳಿಯಂದ್ರೇ. ಮುಚ್ಚಿಟ್ಟೋರಿಗೆ ಇತ್ತು. ಅಂಥೋರು ಒಂದು ವಾರ ವಿಮಾನದ ಹತ್ರ ಬರೋ ಹಾಗಿರ್ಲಿಲ್ಲ." ಇಷ್ಟು ಹೇಳಿ, ಬಂಪರಿನ ಮೊದಲ ತಿರುಪಿಗೆ ಸ್ಕ್ರೂಡ್ರೈವರ್ ಇಟ್ಟರು. "ಸ್ಪ್ಯಾನರ್ ಒಳಗೆ ಉಳ್ಕೊಂಡು ಫ್ಯಾನಿಗೆ ಬಿದ್ರೆ ಏನಾಗುತ್ತೆ? ಸಿಗೋವರೆಗೂ ಗಾಡಿ ಕದಲಲ್ಲ."

ಗಂಟೆ ಮೂರಾಗಿತ್ತು. ಭಾನುವಾರ ಬೆಳಿಗ್ಗೆ ಗಾಡಿ ಕದಲದಿದ್ದರೆ ಸೋಮವಾರ ಅದು ಯಾರದೋ ಮನೆಗೆ ಹೋಗುತ್ತದೆ. ನನ್ನ ತಲೆ ಕೆಟ್ಟ ಕೆಲಸಕ್ಕೆ ಬಲು ಚುರುಕು. ಚಪ್ಪಲಿ ಮೆಟ್ಟಿಕೊಂಡು ಮಾರ್ಕೆಟ್ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಓಡಿ, ಒಂದು ಹತ್ತರ ಸ್ಪ್ಯಾನರ್ ತಂದು, ಅದರ ಮೇಲೆ ಒಂದಿಷ್ಟು ಮಣ್ಣನ್ನೂ ಉಜ್ಜಿ, ಟೈರಿನ ಹಿಂದೆ ಬಗ್ಗಿ ಎದ್ದೆ. "ಸಿಕ್ತು ಅತ್ತೆ! ಇಲ್ಲೇ ಬಿದ್ದಿತ್ತು."

ಅತ್ತೆಯವರು ಕನ್ನಡಕ ಏರಿಸಿ ಅದನ್ನು ತಿರುಗಿಸಿ ನೋಡಿದರು. ಲತಾ ಕಾಫಿ ಲೋಟಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಇಲ್ಲೇ ಬಿದ್ದಿತ್ತಾ?" "ಇಲ್ಲೇ ಅತ್ತೆ." "ಅಂಗಡಿ ಸ್ಟಿಕ್ಕರ್ ಸಮೇತ ಬಿದ್ದಿತ್ತಾ?" ಕೇಳುವಾಗ ಅವರು ದನಿ ಏರಿಸಲೇ ಇಲ್ಲ. ಲತಾ ನಕ್ಕ ರಭಸಕ್ಕೆ ಕಾಫಿ ಚೆಲ್ಲಿತು. ಕಾಲೇಜಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆಗೆ ನಿಂತಾಗ ಎಷ್ಟೋ ಮಕ್ಕಳ ಅಂಗಿಯ ತೋಳಿನಿಂದ ಚೀಟಿ ತೆಗೆಸಿದ್ದೇನೆ. ಅವರಿಗೆ ಆಗ ಏನಾಗುತ್ತಿತ್ತು ಅನ್ನುವುದು ಐವತ್ತೆರಡನೇ ವಯಸ್ಸಿಗೆ ತಿಳಿಯಿತು. ಅತ್ತೆಯವರು ಹೊಸ ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟು, ಎರಡನೇ ತಿರುಪು ಬಿಚ್ಚತೊಡಗಿದರು.

ಅವಮಾನವಾದಾಗ ನನಗೆ ಹಸಿವಾಗುತ್ತದೆ. ಹುರಿಗಡಲೆ ಡಬ್ಬಿ ಹುಡುಕಿಕೊಂಡು ಅಡುಗೆಮನೆಗೆ ಹೋದವನು ಮೂಲೆಯಲ್ಲಿದ್ದ ಈಳಿಗೆಮಣೆಯನ್ನು ಕಂಡು ನಿಂತೆ. ಹನ್ನೊಂದು ಗಂಟೆಗೆ ಲತಾ ಒಳಗಿಂದ "ರೀ, ಈಳಿಗೆಮಣೆ ನಟ್ಟು ಸಡಿಲ ಆಗಿದೆ" ಅಂದಿದ್ದಳು. ಕೆಲಸಗಾರನ ಗತ್ತಿನಲ್ಲಿ ಸ್ಪ್ಯಾನರ್ ಹಿಡಿದುಕೊಂಡೇ ಒಳಗೆ ಹೋಗಿದ್ದೆ. ನಟ್ಟು ಬಿಗಿ ಮಾಡಿದ್ದೆ, ಶಾಭಾಷ್ ಅನ್ನಿಸಿಕೊಂಡಿದ್ದೆ. ಶಾಭಾಷ್ ತೆಗೆದುಕೊಂಡು ಹೊರಗೆ ಬಂದೆ, ಸ್ಪ್ಯಾನರನ್ನು ಬಿಟ್ಟು ಬಂದೆ. ಮಣೆಯ ಪಕ್ಕದಲ್ಲೇ ಮಲಗಿತ್ತು ಅದು, ಅತ್ತೆಯವರು ಕೊರೆದ ಗುರುತಿನ ಸಮೇತ.

ಕಿಟಕಿಯಿಂದ ನೋಡಿದೆ. ಎಪ್ಪತ್ತೊಂದು ವರ್ಷದ ಹೆಂಗಸು ಸ್ಟೂಲಿನಿಂದ ಇಳಿದು ನೆಲದ ಮೇಲೆ ಕೂತು, ಬಂಪರು ತೆಗೆದು, ಕನ್ನಡಿ ಹಿಡಿದು, ಅಲ್ಲಿಲ್ಲದ ಸ್ಪ್ಯಾನರನ್ನು ಹುಡುಕುತ್ತಿದ್ದರು. ಮೆಲ್ಲಗೆ ಕಾರಿನ ಕೆಳಗೆ ಇಟ್ಟುಬಿಡಲೇ ಎಂಬ ಯೋಚನೆ ಬರಲಿಲ್ಲವೆಂದರೆ ಸುಳ್ಳಾದೀತು. ಆದರೆ ಆ ಬೆನ್ನನ್ನು ನೋಡಿದ ಮೇಲೆ ಆಗಲಿಲ್ಲ. ಹೋಗಿ ಮುಂದೆ ಹಿಡಿದೆ. "ಅಡುಗೆಮನೇಲಿತ್ತು ಅತ್ತೆ. ನಾನೇ ತಗೊಂಡೋಗಿ ಮರೆತಿದ್ದೆ. ತಪ್ಪಾಯ್ತು."

ಅವರು ಅದನ್ನು ತೆಗೆದುಕೊಂಡು ದುಪ್ಪಟಿಯ ಮೇಲೆ ಅದರ ಜಾಗದಲ್ಲಿಟ್ಟರು. "ಹನ್ನೊಂದು" ಅಂದರು. ಮುಖದಲ್ಲಿ ಸಿಟ್ಟಿರಲಿಲ್ಲ, ನಿದ್ದೆ ಮಾಡಿ ಎದ್ದವರಷ್ಟು ನೆಮ್ಮದಿಯಿತ್ತು. ಬಂಪರು ಎರಡನೇ ಸಲ ಮೇಲೇರಿತು, ಬ್ಯಾಟರಿ ಕೂಡಿತು. ಮುಸ್ಸಂಜೆಗೆ ನನ್ನ ಕೈಲಿ ಕಾರನ್ನು ಕಾಂಪೌಂಡ್ ಗೋಡೆಗೆ ಎದುರಾಗಿ ನಿಲ್ಲಿಸಿ, ದೀಪದ ಎತ್ತರಕ್ಕಿಂತ ನಾಲ್ಕು ಬೆರಳು ಕೆಳಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಸ್ವಿಚ್ಚು ಹಾಕಿ ಅಂದರು. ಎರಡೂ ದೀಪ ಹತ್ತಿ, ಅವರು ತಿರುಪು ತಿರುಗಿಸುತ್ತಿದ್ದಂತೆ ಹಳದಿ ಬೆಳಕು ಇಳಿದಿಳಿದು ಆ ಗೆರೆಯ ಮೇಲೆ ಸರಿಯಾಗಿ ಕೂತಿತು. ಎದುರು ಮನೆಯ ಬಾಲ್ಕನಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ನಮ್ಮ ತಾತ ಇದ್ದಿದ್ದರೆ ಲಾಟೀನಿನ ಕೆಲಸ ಈಕೆಗೇ ಒಪ್ಪಿಸುತ್ತಿದ್ದರು.

ಭಾನುವಾರ ಬೆಳಿಗ್ಗೆ ಎಚ್ಚರವಾದಾಗ ಐದೂವರೆ. ಫೋನಿನ ಅಲಾರಾಂ ಯಾರೋ ಆರಿಸಿದ್ದರು. ಸ್ವೆಟರ್ ಸಿಕ್ಕಿಸಿಕೊಂಡು ಪೋರ್ಟಿಕೋಗೆ ಓಡಿದರೆ ಕಾರಿಲ್ಲ. ಅದರ ಜಾಗದಲ್ಲಿ ಬೆಕ್ಕು ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಒಳಗೆ ಬಂದು ಹಲಗೆ ನೋಡಿದೆ. ಕಾರಿನ ಬೀಗದ ಕೈಯ ಮೊಳೆಯಲ್ಲಿ ಹಿತ್ತಾಳೆ ಬಿಲ್ಲೆ, ೭೧೪. ಲತಾಗೆ ಫೋನ್ ಮಾಡಿದರೆ ಎತ್ತಿದವರು ಅತ್ತೆಯವರು.

"ಲತಾ ಓಡಿಸ್ತಿದ್ದಾಳೆ, ಮಾತಾಡಲ್ಲ. ಮಂಜು ಜಾಸ್ತಿ ಇದೆ."

"ನನ್ನ ಬಿಟ್ಟು ಹೋದ್ರಲ್ಲ ಅತ್ತೆ."

"ರೂಲು ನಿನ್ನೇನೇ ಹೇಳಿದ್ದೆ ಅಳಿಯಂದ್ರೇ. ಸ್ಪ್ಯಾನರ್ ಮರೆತಿದ್ದಕ್ಕಲ್ಲ, ಸ್ಟಿಕ್ಕರ್ ಸುಳ್ಳಿಗೆ. ಒಂದು ವಾರ ಗಾಡಿ ಹತ್ರ ಬರೋ ಹಾಗಿಲ್ಲ." ಆಮೇಲೆ, "ದಾರಿ ಚೆನ್ನಾಗಿ ಕಾಣ್ತಿದೆ. ನಿಮ್ಮ ಲೈಟು ಚೆನ್ನಾಗಿದೆ. ಹಳದೀದು ತಂದಿದ್ದು ಒಳ್ಳೇದಾಯ್ತು" ಅಂದರು.

ನಿಮ್ಮ ಲೈಟು ಅಂದರಲ್ಲ, ಆ ಒಂದು ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಮನೆಯಲ್ಲಿ ಒಬ್ಬನೇ ಇದ್ದೆ. ಹಲಗೆಯ ಮೇಲೆ ಹತ್ತರ ಸ್ಪ್ಯಾನರ್ ತನ್ನ ಮೊಳೆಯಲ್ಲಿ ನೇತಾಡುತ್ತಿತ್ತು. ಈಳಿಗೆಮಣೆಯ ನಟ್ಟು ಮತ್ತೆ ಅಲ್ಲಾಡುತ್ತಿದ್ದದ್ದು ನೆನಪಾಯಿತು. ಸ್ಪ್ಯಾನರ್ ತೆಗೆದೆ, ಡ್ರಾಯರಿನ ತಳದಿಂದ ನನ್ನ ನಾಲ್ಕನೇ ನಂಬರಿನ ಮುಚ್ಚಳ ಹುಡುಕಿ ತಂದು, ಆ ಮೊಳೆಗೆ ನೇತುಹಾಕಿದೆ. ನೋಡುವವರು ಯಾರೂ ಇರಲಿಲ್ಲ. ಆದರೂ ಆ ಮನೆಗೆ ಅವತ್ತು ಅಳಿಯನಾದ ಹಾಗೆ ಅನ್ನಿಸಿತು. ನಟ್ಟನ್ನು ಬಿಗಿ ಮಾಡಿ, ಈ ಸಲ ಮರೆಯದೆ, ಸ್ಪ್ಯಾನರನ್ನು ತಂದು ಅದರ ಜಾಗಕ್ಕೇ ಹಾಕಿ, ಎದೆಯುಬ್ಬಿಸಿಕೊಂಡು ಜಗಲಿಯಲ್ಲಿ ಕೂತೆ.

ಎಂಟು ಗಂಟೆಗೆ ಕಾರು ಬಂತು. ಇಬ್ಬರನ್ನೂ ಕೈ ಹಿಡಿದು ಎಳೆದು ಇಳಿಸಿದೆ. ಲತಾಳ ಮುಖ ಅರಳಿತ್ತು. ಗಾಡಿ ಮಾರುವ ಮಾತು ಇನ್ನು ಬರುವುದಿಲ್ಲ ಅಂತ ನೋಡಿದರೇ ಗೊತ್ತಾಗುತ್ತಿತ್ತು. ಅತ್ತೆಯವರ ಕೈಯಲ್ಲಿ ನನ್ನ ಪಾಲಿನ ಬಿಸಿ ಪಾರ್ಸೆಲ್. ಅದನ್ನು ನನಗೆ ಕೊಡಲು ಬಂದವರು ಹಲಗೆಯ ಮುಂದೆ ನಿಂತುಬಿಟ್ಟರು. ಬೀಗದ ಕೈ ಹಾಕಿ ತಮ್ಮ ಬಿಲ್ಲೆ ತೆಗೆದುಕೊಂಡರು. ಆಮೇಲೆ ಕನ್ನಡಕ ಏರಿಸಿ ಪಕ್ಕದ ಮೊಳೆಯನ್ನು ಬಹಳ ಹೊತ್ತು ನೋಡಿದರು.

"ಸ್ಪ್ಯಾನರೂ ಇಲ್ಲೇ ಇದೆ, ನಿಮ್ಮ ಬಿಲ್ಲೆನೂ ಇಲ್ಲೇ ಇದೆ" ಅಂದರು. "ಮೂವತ್ತೊಂದು ವರ್ಷ ಕಾರ್ಖಾನೇಲಿದ್ದೆ ಅಳಿಯಂದ್ರೇ. ಈ ತರ ತಪ್ಪು ಮಾಡಿದೋರನ್ನ ಇವತ್ತೇ ನೋಡಿದ್ದು."

ಅವರ ಬಾಯಿಂದ ಇಷ್ಟು ಬರುವುದೇ ಹೆಚ್ಚೆಂದುಕೊಂಡು ನಾನು ಪಾರ್ಸೆಲ್ ಬಿಚ್ಚಿದೆ.